ಡಿಪ್ಲಾಯ್ ಆದ ವೆಬ್ ಆ್ಯಪ್‌ನ ಸೆಟ್ಟಿಂಗ್‌ಗಳನ್ನು ಎಲ್ಲಿ, ಹೇಗೆ ಇಡಬೇಕು: ಹಂತ ಹಂತದ ಮಾರ್ಗದರ್ಶಿ

"ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಓಡುತ್ತೆ, ಸರ್ವರ್‌ಗೆ ಹಾಕಿದ್ರೆ ಡೇಟಾಬೇಸ್ ಕನೆಕ್ಟ್ ಆಗಲ್ಲ." ಈ ದೂರಿನ ಹಿಂದೆ ಬಹಳ ಸಲ ಕೋಡ್‌ನ ತಪ್ಪೇ ಇರುವುದಿಲ್ಲ. ಸೆಟ್ಟಿಂಗ್ ಫೈಲಿನಲ್ಲಿ ಬರೆದದ್ದು ಒಂದು, ಪ್ರೊಸೆಸ್‌ಗೆ, ಅಂದರೆ ಸರ್ವರ್‌ನಲ್ಲಿ ಓಡುತ್ತಿರುವ ಆ್ಯಪ್‌ಗೆ, ಸಿಕ್ಕಿದ್ದು ಇನ್ನೊಂದು. ಫೈಲನ್ನು ಎಷ್ಟು ಸಲ ತೆರೆದು ನೋಡಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತೊಂದರೆ ಇರುವುದು ಫೈಲಿಗೂ ಪ್ರೊಸೆಸ್‌ಗೂ ನಡುವಿನ ದಾರಿಯಲ್ಲಿ.

ಇನ್ನೊಂದು ಎಡವಟ್ಟು ಕ್ರಮದ್ದು. ಬಹಳಷ್ಟು ಮಂದಿ ಮೊದಲು ಸಾಧನ ಆರಿಸುತ್ತಾರೆ, ಆಮೇಲೆ ಅದರೊಳಗೆ ಏನು ಹಾಕುವುದೆಂದು ನೋಡುತ್ತಾರೆ. ಇಲ್ಲಿ ಅದನ್ನು ತಿರುಗಿಸಿದ್ದೇನೆ: ಮೊದಲು ಪಟ್ಟಿ, ಆಮೇಲೆ ಕೋಡ್, ಆಮೇಲೆ ಜಾಗ, ಕೊನೆಗೆ ಪರೀಕ್ಷೆ. ಹಂತಗಳನ್ನು ಹಾರಿಸಬೇಡಿ. ಕಮಾಂಡ್‌ಗಳನ್ನೂ ವೇರಿಯಬಲ್ ಹೆಸರುಗಳನ್ನೂ ಓದುವ ಅನುಕೂಲಕ್ಕೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಂದಿನಂತೆ ಟೈಪ್ ಮಾಡಿ.

ಶುರು ಮಾಡುವ ಮೊದಲು ಬೇಕಾದವು

ಸರ್ವರ್‌ನ ಟರ್ಮಿನಲ್ ಮತ್ತು ಅದರಲ್ಲಿ ಸುಡೋ (ಅಡ್ಮಿನ್ ಆಗಿ ಕಮಾಂಡ್ ಓಡಿಸುವ) ಅನುಮತಿ. ಗಿಟ್ (ಕೋಡ್‌ನ ಇತಿಹಾಸ ಇಡುವ ಸಾಧನ) ಮತ್ತು ಕರ್ಲ್ (ಟರ್ಮಿನಲ್‌ನಿಂದ ವೆಬ್ ವಿಳಾಸ ಕೇಳುವ ಸಾಧನ). ತಂಡದವರೆಲ್ಲ ಬಳಸುವ ಒಂದು ಪಾಸ್‌ವರ್ಡ್ ಮ್ಯಾನೇಜರ್. ರಿಪಾಸಿಟರಿಯಲ್ಲಿ ಕೀಗಳು ಉಳಿದಿವೆಯೇ ಎಂದು ಹುಡುಕಲು ಗಿಟ್‌ಲೀಕ್ಸ್‌ನಂಥ ಸ್ಕ್ಯಾನರ್. ಇವುಗಳ ಜೊತೆಗೆ ಪ್ರೊಡಕ್ಷನ್ (ಬಳಕೆದಾರರು ನಿಜವಾಗಿ ಬಳಸುವ ಸರ್ವರ್) ಅಲ್ಲದ, ಪರೀಕ್ಷೆಗೆಂದೇ ಇರುವ ಒಂದು ಸ್ಟೇಜಿಂಗ್ ಸರ್ವರ್ ಬೇಕು. ಅದಿಲ್ಲದೆ ಹತ್ತನೇ ಹಂತದ ಪರೀಕ್ಷೆಗಳನ್ನು ಮಾಡಲು ಧೈರ್ಯ ಬರುವುದಿಲ್ಲ, ಪರೀಕ್ಷೆ ಮಾಡದೆ ಬಿಟ್ಟರೆ ಉಳಿದದ್ದು ಮಾಡಿಯೂ ಅಷ್ಟಕ್ಕಷ್ಟೆ.

1. ಪಟ್ಟಿ ಮಾಡಿ, ಬೇರ್ಪಡಿಸಿ

ಕೋಡ್ ತುಂಬ ಹುಡುಕಿ. ಆ್ಯಪ್ ಶುರುವಾಗುವಾಗ ಹೊರಗಿನಿಂದ ಅದಕ್ಕೆ ಕೊಡುವ ಹೆಸರು-ಮೌಲ್ಯದ ಜೋಡಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎನ್ನುತ್ತಾರೆ, ಅದನ್ನು ಓದುವ ಜಾಗಗಳು ಮೊದಲು ಬೇಕು. ನೋಡ್ ಆದರೆ ಪ್ರೊಸೆಸ್.ಎನ್ವ್, ಪೈಥಾನ್ ಆದರೆ ಓಎಸ್.ಎನ್ವಿರಾನ್, ಪಿಎಚ್‌ಪಿ ಆದರೆ ಗೆಟ್‌ಎನ್ವ್ ಎಲ್ಲೆಲ್ಲಿ ಬಂದಿವೆ ನೋಡಿ. ಅದರ ಜೊತೆಗೆ ಲೋಕಲ್‌ಹೋಸ್ಟ್, ಎಚ್‌ಟಿಟಿಪಿ, ಪಾಸ್‌ವರ್ಡ್, ಕೀ, ಟೋಕನ್ ಎಂಬ ಪದಗಳನ್ನೂ ಹುಡುಕಿ. ಕೋಡ್‌ನಲ್ಲಿ ನೇರವಾಗಿ ಬರೆದು ಮರೆತ ವಿಳಾಸಗಳು ಈ ಎರಡನೇ ಹುಡುಕಾಟದಲ್ಲೇ ಸಿಗುವುದು.

ಸಿಕ್ಕ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿ. ಇದೇ ಕೋಡನ್ನು ಬೇರೆ ಸರ್ವರ್‌ಗೆ ಹಾಕಿದರೆ ಇದು ಬದಲಾಗಬೇಕೇ? ಹೊರಗಿನವರು ಇದನ್ನು ಓದಿದರೆ ಹಾನಿಯಾಗುತ್ತದೆಯೇ? ಡೆವಲಪರ್ ಅಲ್ಲದವರು ಇದನ್ನು ಆಗಾಗ ಬದಲಿಸಬೇಕಾಗುತ್ತದೆಯೇ?

ಮೂರಕ್ಕೂ ಉತ್ತರ ಇಲ್ಲ ಎಂದಾದರೆ ಅದು ಕೋಡ್‌ನಲ್ಲೇ ಇರಲಿ. ಪುಟಕ್ಕೆ 20 ಸಾಲು ತೋರಿಸಬೇಕೆಂಬುದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್ ಬೇಕಿಲ್ಲ. ಸರ್ವರ್‌ಗೊಂದು ಮೌಲ್ಯ ಇದ್ದು ಗುಟ್ಟಲ್ಲದ್ದು, ಉದಾಹರಣೆಗೆ ಹೋಸ್ಟ್ ಹೆಸರು, ಲಾಗ್ ಮಟ್ಟ, ಸ್ಟೋರೇಜ್ ಬಕೆಟ್ ಹೆಸರು, ಸಾಮಾನ್ಯ ಸೆಟ್ಟಿಂಗ್. ಎರಡನೆಯ ಪ್ರಶ್ನೆಗೆ ಹೌದು ಎಂದರೆ ಅದು ಸೀಕ್ರೆಟ್. ಮೂರನೆಯದಕ್ಕೆ ಹೌದು ಎಂದರೆ ಅದು ಕಾನ್ಫಿಗರೇಶನ್ ಅಲ್ಲವೇ ಅಲ್ಲ, ಡೇಟಾ. ಅದರ ಜಾಗ ಡೇಟಾಬೇಸ್‌ನ ಒಂದು ಟೇಬಲ್ ಮತ್ತು ಅದಕ್ಕೊಂದು ಅಡ್ಮಿನ್ ಪುಟ. ಹಬ್ಬದ ದಿನದ ಬ್ಯಾನರ್ ಬದಲಿಸಲು ಸರ್ವರ್ ರೀಸ್ಟಾರ್ಟ್ ಮಾಡುವ ತಂಡಗಳಿವೆ. ಅವರ ಗೋಳು ಶುರುವಾಗುವುದು ಇಲ್ಲೇ.

ವಿಂಗಡಿಸುವಾಗ ಎರಡು ವಸ್ತು ಕಣ್ತಪ್ಪುತ್ತವೆ. ಡೇಟಾಬೇಸ್ ಯುಆರ್‌ಎಲ್ ನೋಡಲು ವಿಳಾಸದಂತಿದ್ದರೂ ಅದರೊಳಗೆ ಪಾಸ್‌ವರ್ಡ್ ಇರುತ್ತದೆ, ಹಾಗಾಗಿ ಸೀಕ್ರೆಟ್. ಚಾಟ್ ಸೇವೆಗಳ ವೆಬ್‌ಹುಕ್ ಯುಆರ್‌ಎಲ್ ಕೂಡ ಹಾಗೆಯೇ: ಅದು ಗೊತ್ತಿದ್ದವರೆಲ್ಲ ನಿಮ್ಮ ಚಾನೆಲ್‌ಗೆ ಸಂದೇಶ ಹಾಕಬಹುದು.

2. ಹೆಸರು ಮತ್ತು ಡಿಫಾಲ್ಟ್ ನಿರ್ಧರಿಸಿ

ಹೆಸರಿನಲ್ಲೇ ಅಳತೆ ಇರಲಿ. ಬರೀ ಟೈಮ್‌ಔಟ್ ಎಂದಿಟ್ಟು 30 ಎಂದು ಬರೆದರೆ ಒಂದು ಲೈಬ್ರರಿ ಅದನ್ನು ಸೆಕೆಂಡ್ ಎಂದು ಓದುತ್ತದೆ, ಇನ್ನೊಂದು ಮಿಲಿಸೆಕೆಂಡ್ ಎಂದು. ಟೈಮ್‌ಔಟ್_ಸೆಕೆಂಡ್ಸ್ ಎಂದಿಟ್ಟರೆ ಓದುವವರಿಗೂ ಬದಲಿಸುವವರಿಗೂ ಅನುಮಾನ ಇರುವುದಿಲ್ಲ. ಹೌದು-ಇಲ್ಲ ಸೆಟ್ಟಿಂಗ್‌ಗೆ ನಕಾರದ ಹೆಸರು ಬೇಡ. ಡಿಸೇಬಲ್_ಕ್ಯಾಶ್ ಈಕ್ವಲ್ ಫಾಲ್ಸ್ ಎಂಬುದನ್ನು ನಡುರಾತ್ರಿ ಓದಿ ಕ್ಯಾಶ್ ಇದೆಯೋ ಇಲ್ಲವೋ ಎಂದು ಥಟ್ಟನೆ ಹೇಳಿ ನೋಡೋಣ.

ಡಿಫಾಲ್ಟ್, ಅಂದರೆ ಯಾರೂ ಏನೂ ಬರೆಯದಿದ್ದಾಗ ಬಳಕೆಯಾಗುವ ಮೌಲ್ಯ, ಯಾವಾಗಲೂ ಸುರಕ್ಷಿತ ಬದಿಗೆ ವಾಲಲಿ. ಡಿಬಗ್‌ನ (ತಪ್ಪಿನ ಪೂರ್ತಿ ವಿವರ ತೋರಿಸುವ ಸೆಟ್ಟಿಂಗ್) ಡಿಫಾಲ್ಟ್ ಫಾಲ್ಸ್. ಲ್ಯಾಪ್‌ಟಾಪ್‌ನಲ್ಲಿ ಬೇಕೆಂದವರು ಟ್ರೂ ಎಂದು ಬರೆದುಕೊಳ್ಳಲಿ. ಪ್ರೊಡಕ್ಷನ್‌ನಲ್ಲಿ ಯಾರೋ ಫಾಲ್ಸ್ ಬರೆಯಲು ಮರೆತಾಗ ಪೂರ್ತಿ ಎರರ್ ಪುಟ ಜಗತ್ತಿಗೆ ಕಾಣಬಾರದು. ಸೀಕ್ರೆಟ್‌ಗಳಿಗೆ ಡಿಫಾಲ್ಟ್ ಬೇಡವೇ ಬೇಡ. ಕೋಡ್‌ನಲ್ಲಿ "ಚೇಂಜ್‌ಮಿ" ಎಂಬ ತಾತ್ಕಾಲಿಕ ಕೀ ಇಟ್ಟರೆ ಆ್ಯಪ್ ದೂರಿಲ್ಲದೆ ಓಡುತ್ತದೆ, ಯಾರೂ ಬದಲಿಸುವುದಿಲ್ಲ, ಸೆಷನ್ ಕುಕಿಗಳಿಗೆಲ್ಲ ಅದೇ ಕೀಯಿಂದ ಸಹಿ ಬೀಳುತ್ತಿರುತ್ತದೆ.

"ಪ್ರೊಡಕ್ಷನ್ ಆಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ" ಎಂಬ ಷರತ್ತುಗಳನ್ನು ಕೋಡ್ ತುಂಬ ಹರಡಬೇಡಿ. ಮೇಲ್ ಕಳಿಸಬೇಕೇ ಎಂಬುದಕ್ಕೆ ಒಂದು ಸೆಟ್ಟಿಂಗ್, ಪೇಮೆಂಟ್ ನಿಜವೋ ಪರೀಕ್ಷೆಯೋ ಎಂಬುದಕ್ಕೆ ಇನ್ನೊಂದು. ಸ್ಟೇಜಿಂಗ್ ಎಂಬ ಮೂರನೇ ಜಾಗ ಹುಟ್ಟಿಕೊಂಡ ದಿನ ಇದರ ಬೆಲೆ ತಿಳಿಯುತ್ತದೆ.

3. ಕೋಡ್‌ನಲ್ಲಿ ಒಂದೇ ಬಾಗಿಲು ಇಡಿ

ಸೆಟ್ಟಿಂಗ್ ಓದುವ ಕೆಲಸ ಒಂದೇ ಫೈಲಿನಲ್ಲಿ ಆಗಲಿ. ಉಳಿದ ಕೋಡ್ ಆ ಫೈಲನ್ನು ಕೇಳಲಿ, ಎನ್ವಿರಾನ್‌ಮೆಂಟನ್ನು ನೇರವಾಗಿ ಮುಟ್ಟದಿರಲಿ. ಆ ಫೈಲು ಆ್ಯಪ್ ಶುರುವಾಗುವ ಮೊದಲ ಕ್ಷಣದಲ್ಲೇ ಎಲ್ಲವನ್ನೂ ಓದಿ, ತಕ್ಕ ವಿಧಕ್ಕೆ ಬದಲಿಸಿ, ಏನಾದರೂ ಕಾಣೆಯಾಗಿದ್ದರೆ ಆ್ಯಪನ್ನು ನಿಲ್ಲಿಸಬೇಕು. ಅರ್ಧ ಸೆಟ್ಟಿಂಗ್‌ನೊಂದಿಗೆ ಓಡುವ ಆ್ಯಪ್ ಮೂರು ದಿನ ಬಿಟ್ಟು ಯಾರೋ ಪಾಸ್‌ವರ್ಡ್ ಮರೆತಾಗ ಮೇಲ್ ಹೋಗದೆ ಕೈಕೊಡುತ್ತದೆ. ಶುರುವಿನಲ್ಲೇ ಬಿದ್ದರೆ ಡಿಪ್ಲಾಯ್ ಮಾಡಿದವರು ಇನ್ನೂ ಸ್ಕ್ರೀನ್ ಮುಂದೆಯೇ ಇರುತ್ತಾರೆ.

ಕಾಣೆಯಾದವುಗಳ ಹೆಸರನ್ನೆಲ್ಲ ಒಟ್ಟಿಗೆ ಹೇಳಿ. ಒಂದು ಸರಿಮಾಡಿದ ಮೇಲೆ ಇನ್ನೊಂದರ ಹೆಸರು ಹೇಳುವ ಆ್ಯಪ್ ತಾಳ್ಮೆ ಪರೀಕ್ಷಿಸುತ್ತದೆ. ಹೆಸರು ಮಾತ್ರ ಹೇಳಬೇಕು, ಮೌಲ್ಯ ಮುದ್ರಿಸಬಾರದು.

ಇಲ್ಲಿ ಎಲ್ಲರೂ ಎಡವುವ ಕಲ್ಲು ಒಂದಿದೆ. ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರುವುದೆಲ್ಲ ಬರೀ ಅಕ್ಷರಗಳ ಸರಣಿ. ಫಾಲ್ಸ್ ಎಂದು ಬರೆದರೆ ಆ್ಯಪ್‌ಗೆ ಸಿಗುವುದು ಐದು ಅಕ್ಷರದ ಪದ. ಜಾವಾಸ್ಕ್ರಿಪ್ಟ್‌ನಲ್ಲೂ ಪೈಥಾನ್‌ನಲ್ಲೂ ಖಾಲಿಯಲ್ಲದ ಪದ ಎಂದರೆ ಟ್ರೂ. ಅಂದರೆ ಡಿಬಗ್ ಆರಿಸಲು ಫಾಲ್ಸ್ ಬರೆದವರ ಸರ್ವರ್‌ನಲ್ಲಿ ಡಿಬಗ್ ಉರಿಯುತ್ತಲೇ ಇರುತ್ತದೆ. ಟ್ರೂ, ಫಾಲ್ಸ್, 1, 0 ಇಷ್ಟನ್ನೇ ಒಪ್ಪಿ ಬೇರೇನು ಬಂದರೂ ನಿಲ್ಲಿಸುವ ಒಂದು ಸಣ್ಣ ಫಂಕ್ಷನ್ ಬರೆಯಿರಿ. ಯಾಮಲ್ ಎಂಬ ಸೆಟ್ಟಿಂಗ್ ಫೈಲ್ ರೂಪದಲ್ಲಿ ಇದರ ಉಲ್ಟಾ ಕಾಟ: ಹಳೆಯ 1.1 ನಿಯಮ ಪಾಲಿಸುವ ಲೈಬ್ರರಿಗಳು ಉದ್ಧರಣ ಚಿಹ್ನೆ ಇಲ್ಲದ "ನೋ" ಎಂಬ ಪದವನ್ನು ಫಾಲ್ಸ್ ಎಂದೇ ಓದುತ್ತವೆ. ನಾರ್ವೆಯ ದೇಶಸೂಚಕ ಎರಡಕ್ಷರವೂ ಅದೇ ಆದ್ದರಿಂದ ದೇಶಗಳ ಪಟ್ಟಿಯಲ್ಲಿ ನಾರ್ವೆ ಮಾಯವಾಗಿ ಫಾಲ್ಸ್ ಬಂದು ಕೂರುತ್ತದೆ.

ಯಾವುದು ಯಾವುದನ್ನು ಮೀರುತ್ತದೆ ಎಂಬುದನ್ನೂ ಈಗಲೇ ಬರೆದಿಡಿ. ಸಾಮಾನ್ಯ ಕ್ರಮ: ಕೋಡ್‌ನ ಡಿಫಾಲ್ಟ್, ಅದರ ಮೇಲೆ ಫೈಲ್, ಅದರ ಮೇಲೆ ಎನ್ವಿರಾನ್‌ಮೆಂಟ್. .ಎನ್ವ್ ಎಂಬ ಸೆಟ್ಟಿಂಗ್ ಫೈಲನ್ನು ಓದಿ ಎನ್ವಿರಾನ್‌ಮೆಂಟ್‌ಗೆ ತುಂಬುವ ಡಾಟ್‌ಎನ್ವ್ ಲೈಬ್ರರಿಗಳು ಸಾಮಾನ್ಯವಾಗಿ ಮೊದಲೇ ಇರುವ ವೇರಿಯಬಲ್ಲನ್ನು ಮುಟ್ಟುವುದಿಲ್ಲ. ಹಾಗಾಗಿ ಸರ್ವಿಸ್ ಫೈಲಿನಲ್ಲಿ (ಆ್ಯಪನ್ನು ಹೇಗೆ ಓಡಿಸಬೇಕೆಂದು ಸರ್ವರ್‌ಗೆ ಹೇಳುವ ಫೈಲು, ಐದನೇ ಹಂತ ನೋಡಿ) ಹಳೆಯ ಮೌಲ್ಯ ಕೂತಿದ್ದರೆ .ಎನ್ವ್ ಫೈಲನ್ನು ಎಷ್ಟು ತಿದ್ದಿದರೂ ಏನೂ ಆಗುವುದಿಲ್ಲ.

ನಿಮ್ಮ ಫ್ರೇಮ್‌ವರ್ಕ್‌ನ ನಡತೆ ತಿಳಿದಿರಲಿ. ಲಾರಾವೆಲ್‌ನಲ್ಲಿ ಕಾನ್ಫಿಗ್:ಕ್ಯಾಶ್ ಓಡಿಸಿದ ಮೇಲೆ .ಎನ್ವ್ ಫೈಲನ್ನು ಅದು ಓದುವುದೇ ಇಲ್ಲ. ಕಾನ್ಫಿಗ್ ಫೋಲ್ಡರ್‌ನ ಹೊರಗೆ ಎನ್ವ್ ಫಂಕ್ಷನ್ ಬಳಸಿದ್ದರೆ ಅಲ್ಲೆಲ್ಲ ನಲ್ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕ್ಯಾಶ್ ಮಾಡದ ಕಾರಣ ಅಲ್ಲಿ ಇದು ಕಾಣುವುದೇ ಇಲ್ಲ. ಎಎಸ್‌ಪಿ ಡಾಟ್‌ನೆಟ್ ಕೋರ್‌ನಲ್ಲಿ ಒಳಗಿನ ಸೆಟ್ಟಿಂಗ್‌ಗಳನ್ನು ಎನ್ವಿರಾನ್‌ಮೆಂಟ್‌ನಿಂದ ಕೊಡುವಾಗ ನಡುವೆ ಎರಡು ಅಂಡರ್‌ಸ್ಕೋರ್ ಬೇಕು, ಒಂದೇ ಹಾಕಿದರೆ ಸದ್ದಿಲ್ಲದೆ ಕೈಬಿಡುತ್ತದೆ.

4. ಗಿಟ್‌ನಿಂದ ಹೊರಗೆ ತನ್ನಿ

.ಎನ್ವ್ ಹೆಸರನ್ನು .ಗಿಟ್‌ಇಗ್ನೋರ್‌ಗೆ, ಅಂದರೆ ಗಿಟ್ ಮುಟ್ಟಬಾರದ ಫೈಲುಗಳ ಪಟ್ಟಿಗೆ, ಸೇರಿಸಿ. ಡಾಕರ್ ಇಮೇಜ್ (ಆ್ಯಪನ್ನೂ ಅದಕ್ಕೆ ಬೇಕಾದದ್ದನ್ನೂ ಸೇರಿಸಿದ ಗಂಟು) ಕಟ್ಟುವವರು .ಡಾಕರ್‌ಇಗ್ನೋರ್‌ಗೂ ಸೇರಿಸಿ, ಇದನ್ನು ಮರೆತರೆ ಇಡೀ ಫೋಲ್ಡರ್ ಕಾಪಿ ಮಾಡುವ ಒಂದೇ ಸಾಲು ಫೈಲನ್ನು ಇಮೇಜ್‌ನೊಳಗೆ ಒಯ್ಯುತ್ತದೆ. ಫೈಲ್ ಮೊದಲೇ ಗಿಟ್‌ನಲ್ಲಿ ಇದ್ದರೆ ಗಿಟ್‌ಇಗ್ನೋರ್ ಅದಕ್ಕೆ ತಾಗುವುದಿಲ್ಲ. ಗಿಟ್ ಆರ್‌ಎಂ ಕಮಾಂಡನ್ನು --ಕ್ಯಾಶ್ಡ್ ಆಯ್ಕೆಯೊಂದಿಗೆ ಓಡಿಸಿ ಕಮಿಟ್ ಮಾಡಬೇಕು. ಒಂದು ಎಚ್ಚರ: ಆ ಕಮಿಟ್ಟನ್ನು ಸರ್ವರ್‌ನಲ್ಲಿ ಪುಲ್ ಮಾಡಿದಾಗ ಅಲ್ಲಿರುವ ಫೈಲು ಅಳಿಸಿಹೋಗುತ್ತದೆ. ಮೊದಲೇ ಪ್ರತಿ ತೆಗೆದಿಡಿ.

ಬದಲಿಗೆ .ಎನ್ವ್.ಎಕ್ಸಾಂಪಲ್ ಎಂಬ ಫೈಲನ್ನು ರಿಪಾಸಿಟರಿಯಲ್ಲಿಡಿ. ಅದರಲ್ಲಿ ಎಲ್ಲ ಹೆಸರುಗಳು, ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆ, ಸೀಕ್ರೆಟ್‌ಗಳ ಜಾಗ ಖಾಲಿ. ಹೊಸ ಸೆಟ್ಟಿಂಗ್ ಸೇರಿಸುವ ಕಮಿಟ್‌ನಲ್ಲೇ ಈ ಫೈಲೂ ಬದಲಾಗಬೇಕೆಂದು ತಂಡದಲ್ಲಿ ನಿಯಮ ಮಾಡಿ.

ಗುಟ್ಟು ಹಳೆಯ ಕಮಿಟ್‌ನಲ್ಲಿ ಸೇರಿಹೋಗಿದ್ದರೆ? ಮೊದಲು ಆ ಕೀಯನ್ನೇ ಬದಲಿಸಿ, ಹಳೆಯದನ್ನು ರದ್ದು ಮಾಡಿ. ಇತಿಹಾಸ ತೊಳೆಯುವ ಗಿಟ್ ಫಿಲ್ಟರ್-ರಿಪೋ ಆಮೇಲಿನ ಮಾತು. ಕ್ಲೋನ್‌ಗಳು, ಫೋರ್ಕ್‌ಗಳು ಎಲ್ಲೆಲ್ಲಿವೆಯೋ ಗೊತ್ತಿಲ್ಲ, ಸಾರ್ವಜನಿಕ ರಿಪಾಸಿಟರಿಗಳನ್ನು ಜಾಲಾಡುವ ಬಾಟ್‌ಗಳು ನಿಮ್ಮ ತಿದ್ದುಪಡಿಗೆ ಕಾಯುವುದಿಲ್ಲ. ಫೈಲ್ ಅಳಿಸಿ "ತೆಗೆದಿದ್ದೇವೆ" ಎಂದು ಕಮಿಟ್ ಮಾಡಿ ನಿಶ್ಚಿಂತರಾಗುವುದು ಈ ಹಂತದ ಅತಿ ದೊಡ್ಡ ತಪ್ಪು. ಹಾಗೆ ಬರೆದ ಸಂದೇಶ ಹುಡುಕುವವರಿಗೆ ದಾರಿ ತೋರಿಸುತ್ತದೆ, ಅಷ್ಟೆ.

5. ಸರ್ವರ್‌ನಲ್ಲಿ ಜಾಗ ಕೊಡಿ

ಒಂದೇ ಲಿನಕ್ಸ್ ಸರ್ವರ್, ಅದರಲ್ಲಿ ಸಿಸ್ಟಮ್‌ಡಿ (ಸರ್ವಿಸ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಲಿನಕ್ಸ್‌ನ ವ್ಯವಸ್ಥೆ) ಓಡಿಸುವ ಆ್ಯಪ್ ಎಂದಿಟ್ಟುಕೊಳ್ಳಿ. ಫೈಲನ್ನು ಕೋಡ್ ಫೋಲ್ಡರ್‌ನಲ್ಲಿ ಇಡಬೇಡಿ. /ಇಟಿಸಿ ಒಳಗೆ ಆ್ಯಪ್ ಹೆಸರಿನ ಫೋಲ್ಡರ್ ಮಾಡಿ ಅಲ್ಲಿಡಿ. ಡಿಪ್ಲಾಯ್ ಆದಾಗಲೆಲ್ಲ ಕೋಡ್ ಫೋಲ್ಡರ್ ಅಳಿಸಿ ಹೊಸದು ಬಂದರೂ ಸೆಟ್ಟಿಂಗ್ ಸ್ವಸ್ಥಾನದಲ್ಲಿ ಇರುತ್ತದೆ, ವೆಬ್ ಸರ್ವರ್‌ನ ಕೈಗೂ ಸಿಗುವುದಿಲ್ಲ.

ಸರ್ವಿಸ್ ಫೈಲಿನಲ್ಲಿ ಎನ್ವಿರಾನ್‌ಮೆಂಟ್‌ಫೈಲ್ ಎಂಬ ಸಾಲಿನಿಂದ ಅದರ ದಾರಿ ಕೊಡಿ. ಹೀಗೆ ಮಾಡಿದಾಗ ಫೈಲನ್ನು ಓದುವುದು ಸಿಸ್ಟಮ್‌ಡಿ, ಆ್ಯಪ್ ಅಲ್ಲ; ಹಾಗಾಗಿ ಒಡೆತನ ರೂಟ್‌ನದು (ಸರ್ವರ್‌ನ ಅಡ್ಮಿನ್ ಯೂಸರ್), ಅನುಮತಿ 600 (ಒಡೆಯ ಮಾತ್ರ ಓದಿ ಬರೆಯಬಹುದು) ಸಾಕು. ಆ್ಯಪ್ ತಾನೇ ಫೈಲ್ ತೆರೆದು ಓದುವುದಾದರೆ ಮಾತ್ರ ಗುಂಪಿಗೆ ಆ್ಯಪ್‌ನ ಯೂಸರನ್ನು ಸೇರಿಸಿ 640 (ಗುಂಪೂ ಓದಬಹುದು) ಕೊಡಿ. ಪರ್ಮಿಷನ್ ಡಿನೈಡ್ ಬಂತೆಂದು 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟು ಮುಗಿಸಬೇಡಿ.

ಸರ್ವಿಸ್ ಫೈಲ್ ತಿದ್ದಿದರೆ ಡೀಮನ್-ರೀಲೋಡ್, ಆಮೇಲೆ ರೀಸ್ಟಾರ್ಟ್. ಸೆಟ್ಟಿಂಗ್ ಫೈಲ್ ಮಾತ್ರ ತಿದ್ದಿದ್ದರೆ ರೀಸ್ಟಾರ್ಟ್ ಸಾಕು, ಆದರೆ ಅದು ಬೇಕೇ ಬೇಕು. ಓಡುತ್ತಿರುವ ಪ್ರೊಸೆಸ್‌ನ ಎನ್ವಿರಾನ್‌ಮೆಂಟ್ ಹೊರಗಿನಿಂದ ಬದಲಾಗುವುದಿಲ್ಲ.

ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಎಕ್ಸ್‌ಪೋರ್ಟ್ ಸಾಲು ಬರೆದು ಕೆಲಸವಾಯಿತೆಂದುಕೊಳ್ಳುವವರು ಬಹಳ. ಆ ಫೈಲು ನೀವು ಟರ್ಮಿನಲ್ ತೆರೆದಾಗ ಓದಲ್ಪಡುವಂಥದ್ದು. ಸಿಸ್ಟಮ್‌ಡಿ ಅದನ್ನು ನೋಡುವುದಿಲ್ಲ, ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಸಾಧನ) ನೋಡುವುದಿಲ್ಲ, ಸುಡೋ ಸಾಮಾನ್ಯವಾಗಿ ನಿಮ್ಮ ವೇರಿಯಬಲ್‌ಗಳನ್ನು ಬದಿಗಿಟ್ಟು ಮುಂದೆ ಹೋಗುತ್ತದೆ. ಕೈಯಾರೆ ಓಡಿಸಿದರೆ ಸರಿ, ಸರ್ವಿಸ್ ಆಗಿ ಓಡಿಸಿದರೆ ತಪ್ಪು ಎಂಬ ಲಕ್ಷಣ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ರಾತ್ರಿಯ ಕ್ರಾನ್ ಕೆಲಸಗಳಿಗೂ ಅದೇ ಸೆಟ್ಟಿಂಗ್ ಬೇಕಿದ್ದರೆ ಅವನ್ನು ಸಿಸ್ಟಮ್‌ಡಿ ಟೈಮರ್‌ಗೆ ಬದಲಿಸಿ ಅದೇ ಎನ್ವಿರಾನ್‌ಮೆಂಟ್‌ಫೈಲ್ ಸಾಲು ಕೊಡುವುದು ನನಗೆ ಹಿಡಿಸಿದ ದಾರಿ.

ಸೀಕ್ರೆಟ್ಟನ್ನು ಸರ್ವಿಸ್ ಫೈಲಿನ ಎನ್ವಿರಾನ್‌ಮೆಂಟ್ ಸಾಲಿನಲ್ಲಿ ನೇರವಾಗಿ ಬರೆಯಬೇಡಿ. ಸಿಸ್ಟಮ್‌ಸಿಟಿಎಲ್ ಶೋ ಎಂದರೆ ಸಾಮಾನ್ಯ ಯೂಸರ್‌ಗೂ ಅದು ಕಾಣುತ್ತದೆ. ಇನ್ನೂ ಬಿಗಿ ಬೇಕಿದ್ದವರಿಗೆ ಸಿಸ್ಟಮ್‌ಡಿ 247ರಿಂದ ಲೋಡ್‌ಕ್ರೆಡೆನ್ಶಿಯಲ್ ಎಂಬ ಆಯ್ಕೆ ಇದೆ: ಗುಟ್ಟು ಎನ್ವಿರಾನ್‌ಮೆಂಟ್‌ಗೆ ಬರದೆ, ಆ ಸರ್ವಿಸ್‌ಗೆ ಮಾತ್ರ ಕಾಣುವ ಫೈಲಾಗಿ ಸಿಗುತ್ತದೆ. ಕಮಾಂಡ್ ಸಾಲಿನ ಆರ್ಗ್ಯುಮೆಂಟ್ ಆಗಿ ಪಾಸ್‌ವರ್ಡ್ ಕೊಡುವುದಂತೂ ಬೇಡ. ಪಿಎಸ್ ಕಮಾಂಡ್ ಹೊಡೆದವರಿಗೆಲ್ಲ ಅದು ಓದಲು ಸಿಗುತ್ತದೆ.

6. ಫೈಲ್ ಬರೆಯುವಾಗ ಚಿಹ್ನೆಗಳ ಮೇಲೆ ಕಣ್ಣಿಡಿ

ಅತಿ ಹೆಚ್ಚು ಸಮಯ ತಿನ್ನುವ ಹಂತ ಇದು, ಯಾಕೆಂದರೆ .ಎನ್ವ್ ಎಂಬ ಫೈಲಿಗೆ ಎಲ್ಲರೂ ಒಪ್ಪಿದ ಒಂದು ವ್ಯಾಕರಣವೇ ಇಲ್ಲ. ಅದನ್ನು ಓದುವ ಪ್ರೋಗ್ರಾಂ ಬದಲಾದರೆ ಅರ್ಥವೂ ಬದಲಾಗುತ್ತದೆ.

ಡೇಟಾಬೇಸ್ ಪಾಸ್‌ವರ್ಡ್ 73@41#9 ಎಂದಿರಲಿ, ಏಳು ಅಕ್ಷರ. (ನಿಜವಾದ ಪಾಸ್‌ವರ್ಡ್ ಇಷ್ಟು ಗಿಡ್ಡ ಇರಬಾರದು, ಇದು ಎಣಿಸಲು ಸುಲಭವಾಗಲೆಂದು.) ಡಿಬಿ_ಪಾಸ್‌ವರ್ಡ್=73@41#9 ಎಂದು ಉದ್ಧರಣ ಚಿಹ್ನೆ ಇಲ್ಲದೆ ಬರೆದಿರಿ. ನೋಡ್‌ನ ಡಾಟ್‌ಎನ್ವ್ ಈಚಿನ ಆವೃತ್ತಿಗಳಲ್ಲಿ # ಕಂಡಲ್ಲಿಂದ ಮುಂದಿನದನ್ನು ಕಾಮೆಂಟ್ ಎಂದು ಕತ್ತರಿಸುತ್ತದೆ. ಆ್ಯಪ್‌ಗೆ ಸಿಗುವುದು 73@41, ಐದೇ ಅಕ್ಷರ. ಸರಿ, ಎರಡೂ ಬದಿಗೆ ಜೋಡಿ ಉದ್ಧರಣ ಚಿಹ್ನೆ ಹಾಕಿದಿರಿ. ನೋಡ್‌ನಲ್ಲಿ ಏಳು ಅಕ್ಷರ ಬಂತು. ಅದೇ ಫೈಲನ್ನು ಡಾಕರ್ ರನ್‌ಗೆ --ಎನ್ವ್-ಫೈಲ್ ಆಯ್ಕೆಯಲ್ಲಿ ಕೊಟ್ಟಿರಿ. ಅದು ಉದ್ಧರಣ ಚಿಹ್ನೆಗಳನ್ನು ತೆಗೆಯುವುದಿಲ್ಲ, ಮೌಲ್ಯದ ಭಾಗವೆಂದೇ ಇಟ್ಟುಕೊಳ್ಳುತ್ತದೆ, ಈಗ ಒಂಬತ್ತು. ಡಾಕರ್ ಕಂಪೋಸ್ ಮಾತ್ರ ಚಿಹ್ನೆ ತೆಗೆದು ಏಳಕ್ಕೆ ತರುತ್ತದೆ. ಚಿಹ್ನೆ ಇಲ್ಲದ ಮೂಲ ಸಾಲನ್ನು ವಿಂಡೋಸ್‌ನಲ್ಲಿ ತಿದ್ದಿ ಸರ್ವರ್‌ಗೆ ಕಳಿಸಿದರೆ ಸಾಲಿನ ಕೊನೆಗೆ ಕಾಣದ ಒಂದು ಅಕ್ಷರ ಅಂಟಿಕೊಂಡು, ಅದನ್ನು ತೆಗೆಯದ ಪ್ರೋಗ್ರಾಂ ಬಳಿ ಎಂಟಾಗಬಹುದು. ಪಾಸ್‌ವರ್ಡ್ ಒಂದೇ, ಉದ್ದ ಏಳಲ್ಲದಿದ್ದಾಗಲೆಲ್ಲ ಡೇಟಾಬೇಸ್ "ಪಾಸ್‌ವರ್ಡ್ ತಪ್ಪು" ಎನ್ನುತ್ತದೆ, ನೀವು ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತೀರಿ.

ಹಾಗಾಗಿ ಇಂಥ ಸಂದರ್ಭದಲ್ಲಿ ಮೌಲ್ಯವನ್ನಲ್ಲ, ಅದರ ಉದ್ದವನ್ನು ಲಾಗ್‌ನಲ್ಲಿ ಮುದ್ರಿಸಿ ನೋಡಿ. ಐದೋ ಎಂಟೋ ಒಂಬತ್ತೋ ಎಂಬುದೇ ತಪ್ಪು ಎಲ್ಲಿದೆ ಎಂದು ಹೇಳುತ್ತದೆ. ಕಾಣದ ಅಕ್ಷರ ಹಿಡಿಯಲು ಕ್ಯಾಟ್ ಕಮಾಂಡ್‌ಗೆ ದೊಡ್ಡಕ್ಷರದ ಎ ಆಯ್ಕೆ ಕೊಡಿ. ಸಾಲಿನ ಕೊನೆಯಲ್ಲಿ $ ಮಾತ್ರ ಇರಬೇಕು, ಅದರ ಹಿಂದೆ ^ಎಂ ಕಂಡರೆ ವಿಂಡೋಸ್‌ನ ಉಳಿಕೆ.

ಅದೇ ಪಾಸ್‌ವರ್ಡ್ ಡೇಟಾಬೇಸ್ ಯುಆರ್‌ಎಲ್ ಒಳಗೆ ಹೋಗುವಾಗ ಇನ್ನೊಂದು ಬಲೆ. ಯುಆರ್‌ಎಲ್‌ನಲ್ಲಿ @ ಎಂದರೆ ಪಾಸ್‌ವರ್ಡ್ ಮುಗಿದು ಹೋಸ್ಟ್ ಶುರು. ಆದ್ದರಿಂದ @ ಬದಲಿಗೆ %40, # ಬದಲಿಗೆ %23 ಬರೆಯಬೇಕು: 73%4041%239. ಸಿಸ್ಟಮ್‌ಡಿ ಸರ್ವಿಸ್ ಫೈಲಿನ ಒಳಗೆ % ಚಿಹ್ನೆಗೆ ಬೇರೆಯೇ ಅರ್ಥ ಇರುವುದರಿಂದ ಅಲ್ಲಿ %% ಎಂದು ಬರೆಯಬೇಕು. ಡಾಕರ್ ಕಂಪೋಸ್‌ನ ಯಾಮಲ್‌ನಲ್ಲಿ $ ಬಂದರೆ $$.

ಇಷ್ಟೆಲ್ಲ ತಲೆನೋವು ಬೇಡವೆನ್ನುವವರಿಗೆ ಸುಲಭದ ದಾರಿ ಇದೆ, ನಾನು ಅದನ್ನೇ ಹೇಳುವುದು. ಓಪನ್‌ಎಸ್‌ಎಸ್‌ಎಲ್ ರ‍್ಯಾಂಡ್ -ಹೆಕ್ಸ್ 32 ಕಮಾಂಡ್ 64 ಅಕ್ಷರದ ಸರಣಿ ಕೊಡುತ್ತದೆ. ಅದರಲ್ಲಿ ಅಂಕಿಗಳು ಮತ್ತು ಆರು ಅಕ್ಷರಗಳು ಬಿಟ್ಟರೆ ಬೇರೇನೂ ಇರುವುದಿಲ್ಲ. ಯಾವ ಫೈಲಿನಲ್ಲೂ, ಯಾವ ಯುಆರ್‌ಎಲ್‌ನಲ್ಲೂ ಅದು ಮುರಿಯುವುದಿಲ್ಲ. ಯಂತ್ರಗಳ ನಡುವಿನ ಪಾಸ್‌ವರ್ಡ್‌ಗೆ ಚಿಹ್ನೆಗಳ ಅಲಂಕಾರ ಬೇಕಿಲ್ಲ, ಉದ್ದ ಸಾಕು.

7. ಕಂಟೇನರ್ ಬಳಸುತ್ತಿದ್ದರೆ

ಕಂಟೇನರ್ ಎಂದರೆ ಇಮೇಜ್‌ನಿಂದ ಶುರುವಾಗಿ ಓಡುವ ಆ್ಯಪ್. ಆ ಇಮೇಜ್ ಕಟ್ಟುವಾಗ ಸೀಕ್ರೆಟ್ ಒಳಗೆ ಹೋಗಬಾರದು. ಡಾಕರ್‌ಫೈಲ್‌ನ ಎನ್ವ್ ಸಾಲಿನಲ್ಲಿ ಬರೆದದ್ದು ಇಮೇಜ್ ಸಿಕ್ಕವರಿಗೆಲ್ಲ ಸಿಗುತ್ತದೆ. ಆರ್ಗ್ ಮೂಲಕ ಕೊಟ್ಟು ಬಳಸಿದ್ದು ಡಾಕರ್ ಹಿಸ್ಟರಿಯಲ್ಲಿ ಕಾಣಬಹುದು. ಇಮೇಜ್‌ನ ಒಂದು ಲೇಯರ್‌ನಲ್ಲಿ (ಪದರದಲ್ಲಿ) ಫೈಲ್ ತಂದು ಮುಂದಿನ ಲೇಯರ್‌ನಲ್ಲಿ ಅಳಿಸಿದರೂ ಹಿಂದಿನ ಲೇಯರ್ ಹಾಗೆಯೇ ಇರುತ್ತದೆ. ಖಾಸಗಿ ಪ್ಯಾಕೇಜ್ ಇಳಿಸಲು ಕಟ್ಟುವ ಹೊತ್ತಿನಲ್ಲೇ ಟೋಕನ್ ಬೇಕಿದ್ದರೆ ಡಾಕರ್‌ನ ಬಿಲ್ಡ್‌ಕಿಟ್‌ನಲ್ಲಿರುವ ಸೀಕ್ರೆಟ್ ಮೌಂಟ್ (ಕಟ್ಟುವ ಹೊತ್ತಿಗೆ ಮಾತ್ರ ಕಾಣುವ ಫೈಲು) ಬಳಸಿ. ಸ್ಟೇಜಿಂಗ್‌ನಲ್ಲಿ ಪರೀಕ್ಷಿಸಿದ ಇಮೇಜನ್ನೇ ಪ್ರೊಡಕ್ಷನ್‌ಗೆ ಒಯ್ಯುವಂತಿರಬೇಕು. ಎರಡಕ್ಕೂ ಬೇರೆ ಬೇರೆ ಇಮೇಜ್ ಕಟ್ಟುತ್ತಿದ್ದರೆ ಸೆಟ್ಟಿಂಗ್ ಒಳಗೆ ಸೇರಿಕೊಂಡಿದೆ ಎಂದೇ ಅರ್ಥ.

ಅನೇಕ ಯಂತ್ರಗಳಲ್ಲಿ ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟೀಸ್‌ನಲ್ಲಿ ಸಾಮಾನ್ಯ ಸೆಟ್ಟಿಂಗ್‌ಗೆ ಕಾನ್ಫಿಗ್‌ಮ್ಯಾಪ್, ಗುಟ್ಟಿಗೆ ಸೀಕ್ರೆಟ್. ಎರಡಕ್ಕೂ ಮಿತಿ 1 ಎಂಐಬಿ. ಸೀಕ್ರೆಟ್‌ನಲ್ಲಿ ಕಾಣುವ ಗೋಜಲು ಅಕ್ಷರಗಳು ಬೇಸ್64, ಎನ್‌ಕ್ರಿಪ್ಷನ್ ಅಲ್ಲ. ಯಾರು ಬೇಕಾದರೂ ಬಿಡಿಸಬಹುದು. ಆ ಯಾಮಲ್ ಫೈಲನ್ನು ಹಾಗೆಯೇ ಗಿಟ್‌ಗೆ ಹಾಕುವುದೂ ಪಾಸ್‌ವರ್ಡನ್ನು ಬಯಲಲ್ಲಿಡುವುದೂ ಒಂದೇ. ಕುಬರ್ನೆಟೀಸ್ ಇವನ್ನು ಕೂಡಿಡುವ ಇಟಿಸಿಡಿ ಎಂಬ ಡೇಟಾಬೇಸ್‌ನಲ್ಲಿ ಎನ್‌ಕ್ರಿಪ್ಷನ್ ಬೇಕಿದ್ದರೆ ಕ್ಲಸ್ಟರ್ ನಡೆಸುವವರು ಬೇರೆಯಾಗಿ ಶುರು ಮಾಡಬೇಕು. ಬೇಸ್64 ಮಾಡುವಾಗ ಎಕೋ ಕಮಾಂಡ್ ಬಳಸಿದರೆ ಕೊನೆಗೊಂದು ಹೊಸ ಸಾಲು ಸೇರಿಕೊಳ್ಳುತ್ತದೆ. ಎಕೋಗೆ -ಎನ್ ಕೊಡಿ, ಇಲ್ಲವೇ ಪ್ರಿಂಟ್‌ಎಫ್ ಬಳಸಿ.

ಕಾನ್ಫಿಗ್‌ಮ್ಯಾಪ್ ತಿದ್ದಿದರೂ ಬದಲಾವಣೆ ಕಾಣುತ್ತಿಲ್ಲವೇ? ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಟ್ಟಿದ್ದರೆ ಪಾಡ್ (ಕಂಟೇನರ್ ಓಡುವ ಘಟಕ) ಹೊಸದಾಗಿ ಶುರುವಾಗುವ ತನಕ ಹಳೆಯದೇ ಇರುತ್ತದೆ. ರೋಲ್‌ಔಟ್ ರೀಸ್ಟಾರ್ಟ್ ಮಾಡಿ. ಫೈಲಾಗಿ ಮೌಂಟ್ ಮಾಡಿದ್ದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಬದಲಾಗುತ್ತದೆ, ಸಬ್‌ಪಾತ್ ಬಳಸಿದ್ದರೆ ಅದೂ ಆಗುವುದಿಲ್ಲ.

8. ಬ್ರೌಸರ್‌ಗೆ ಹೋಗುವ ಕೋಡ್

ಇಲ್ಲಿ ಹೇಳಲು ಹೆಚ್ಚಿಲ್ಲ, ಆದರೆ ಹೇಳಿದ್ದು ಗಟ್ಟಿ: ಬ್ರೌಸರ್‌ಗೆ ಹೋದದ್ದು ಗುಟ್ಟಲ್ಲ. ಬ್ರೌಸರ್ ಕೋಡ್ ಕಟ್ಟಿಕೊಡುವ ವೀಟ್‌ನಲ್ಲಿ ವೀಟ್_ ಎಂದೂ ನೆಕ್ಸ್ಟ್‌ನಲ್ಲಿ ನೆಕ್ಸ್ಟ್_ಪಬ್ಲಿಕ್_ ಎಂದೂ ಶುರುವಾಗುವ ಹೆಸರುಗಳ ಮೌಲ್ಯವನ್ನು ಬಿಲ್ಡ್ ಹೊತ್ತಿನಲ್ಲೇ ಜಾವಾಸ್ಕ್ರಿಪ್ಟ್ ಒಳಗೆ ಬರೆದುಬಿಡಲಾಗುತ್ತದೆ. ಸರ್ವರ್‌ನಲ್ಲಿ ವೇರಿಯಬಲ್ ಬದಲಿಸಿ ರೀಸ್ಟಾರ್ಟ್ ಮಾಡಿದರೂ ಹಳೆಯದೇ ಕಾಣುವುದಕ್ಕೆ ಕಾರಣ ಅದೇ. ಮತ್ತೆ ಬಿಲ್ಡ್ ಮಾಡಬೇಕು. ಸೀಕ್ರೆಟ್ "ಅನ್‌ಡಿಫೈನ್ಡ್" ಎಂದು ಬರುತ್ತಿದೆಯೆಂದು ಅದರ ಹೆಸರಿನ ಮುಂದೆ ಪಬ್ಲಿಕ್ ಸೇರಿಸುವುದು ನಿಜಕ್ಕೂ ನಡೆಯುವ ತಪ್ಪು. ಕೆಲಸ ಮಾಡುತ್ತದೆ, ಜೊತೆಗೆ ಕೀ ಎಲ್ಲರ ಬ್ರೌಸರ್‌ಗೂ ತಲುಪುತ್ತದೆ. ಆ ಕರೆ ನಿಮ್ಮ ಸರ್ವರ್ ಮೂಲಕ ಹೋಗಲಿ.

9. ಸೀಕ್ರೆಟ್ ಮ್ಯಾನೇಜರ್ ಯಾವಾಗ ಬೇಕು

ಒಂದು ಸರ್ವರ್, ಇಬ್ಬರು ಡೆವಲಪರ್ ಇದ್ದರೆ ಐದನೇ ಹಂತ ಸಾಕು. ಫೈಲಿನ ಒಂದು ಪ್ರತಿಯನ್ನು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿಡಿ. ಸರ್ವರ್‌ಗಳು ತಾವೇ ಹುಟ್ಟಿ ಸಾಯುವ ವ್ಯವಸ್ಥೆ, ಯಾರು ಯಾವಾಗ ಓದಿದರು ಎಂಬ ದಾಖಲೆ, ತಾನಾಗಿ ಕೀ ಬದಲಾಗುವುದು, ಇವುಗಳಲ್ಲಿ ಯಾವುದಾದರೂ ಬೇಕಾದಾಗ ಸೀಕ್ರೆಟ್ ಮ್ಯಾನೇಜರ್‌ಗೆ, ಅಂದರೆ ಗುಟ್ಟುಗಳನ್ನು ಕಾದಿಟ್ಟು ಕೇಳಿದಾಗ ಕೊಡುವ ವಾಲ್ಟ್ ಅಥವಾ ನಿಮ್ಮ ಕ್ಲೌಡ್‌ನ ಸೇವೆಗೆ, ಹೋಗಿ. ಎಡಬ್ಲ್ಯುಎಸ್ ಪ್ಯಾರಾಮೀಟರ್ ಸ್ಟೋರ್‌ನ ಸ್ಟ್ಯಾಂಡರ್ಡ್ ವಿಧದಲ್ಲಿ ಒಂದು ಮೌಲ್ಯಕ್ಕೆ 4 ಕೆಬಿ, ಅಡ್ವಾನ್ಸ್ಡ್‌ನಲ್ಲಿ 8 ಕೆಬಿ ಮಿತಿ. ದೊಡ್ಡ ಸರ್ಟಿಫಿಕೇಟ್ ಸರಪಳಿ ಹಿಡಿಸದೆ ಹೋಗಬಹುದು. ಎಡಬ್ಲ್ಯುಎಸ್‌ನದೇ ಸೀಕ್ರೆಟ್ಸ್ ಮ್ಯಾನೇಜರ್‌ನಲ್ಲಿ ಮಿತಿ 64 ಕೆಬಿ. ಗಿಟ್‌ನಲ್ಲೇ ಇಡಬೇಕೆಂಬ ಹಟವಿದ್ದರೆ ಸಾಪ್ಸ್ ಎಂಬ ಸಾಧನ ಬಳಸಿ. ಹೆಸರುಗಳು ಓದಲು ಸಿಗುತ್ತವೆ, ಮೌಲ್ಯ ಮಾತ್ರ ಎನ್‌ಕ್ರಿಪ್ಟ್ ಆಗಿರುತ್ತದೆ.

ಮ್ಯಾನೇಜರ್ ಬಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಅದನ್ನು ತೆರೆಯುವ ಕೀ ಎಲ್ಲಿ? ಅದನ್ನು .ಎನ್ವ್ ಫೈಲಿನಲ್ಲೇ ಇಟ್ಟರೆ ಸುತ್ತಿ ಅಲ್ಲಿಗೇ ಬಂದಂತೆ. ಕ್ಲೌಡ್‌ನಲ್ಲಿ ಯಂತ್ರಕ್ಕೇ ರೋಲ್ (ಫೈಲಿನಲ್ಲಿ ಕೀ ಇಡದೆಯೇ ಓದುವ ಅನುಮತಿ) ಕೊಡುವ ಸೌಲಭ್ಯವಿದೆ, ಅದನ್ನು ಬಳಸಿ. ಪ್ರತಿ ರಿಕ್ವೆಸ್ಟ್‌ಗೂ ಮ್ಯಾನೇಜರನ್ನು ಕೇಳುವ ಕೋಡ್ ಬರೆಯಬೇಡಿ. ಶುರುವಿನಲ್ಲಿ ಓದಿ ಮೆಮೊರಿಯಲ್ಲಿಡಿ.

10. ಪ್ರೊಸೆಸ್ ಕಡೆಯಿಂದ ಪರೀಕ್ಷಿಸಿ

ಫೈಲ್ ತೆರೆದು ನೋಡುವುದು ಪರೀಕ್ಷೆಯಲ್ಲ. ಸರ್ವಿಸ್‌ನ ಪ್ರೊಸೆಸ್ ಸಂಖ್ಯೆ ತಿಳಿದುಕೊಂಡು ಸುಡೋ ಜೊತೆ /ಪ್ರೋಕ್ ಒಳಗಿನ ಆ ಸಂಖ್ಯೆಯ ಫೋಲ್ಡರ್‌ನಲ್ಲಿರುವ ಎನ್ವಿರಾನ್ ಫೈಲ್ ಓದಿ. ಪ್ರೊಸೆಸ್ ಹುಟ್ಟುವಾಗ ಅದಕ್ಕೆ ಸಿಕ್ಕಿದ್ದು ಅಲ್ಲಿರುತ್ತದೆ. ಸ್ಕ್ರೀನ್ ಹಂಚಿಕೊಂಡಿರುವಾಗ ಇದನ್ನು ಮಾಡಬೇಡಿ. ಆ್ಯಪ್ ಒಳಗಿನ ಡಾಟ್‌ಎನ್ವ್ ಲೈಬ್ರರಿ ಆಮೇಲೆ ಓದಿಕೊಂಡದ್ದು ಅಲ್ಲಿ ಕಾಣುವುದಿಲ್ಲ, ಅದಕ್ಕೆ ಶುರುವಿನ ಲಾಗ್ ಬೇಕು: ಸೆಟ್ಟಿಂಗ್ ಹೆಸರು, ಎಲ್ಲಿಂದ ಬಂತು, ಸೀಕ್ರೆಟ್ ಆದರೆ ಉದ್ದ ಮಾತ್ರ.

ಆಮೇಲೆ ಹೊರಗಿನಿಂದ ನೋಡಿ. ಕರ್ಲ್ ಬಳಸಿ ನಿಮ್ಮ ಡೊಮೇನ್‌ನ /.ಎನ್ವ್ ಕೇಳಿ. 404 (ಇಲ್ಲ) ಅಥವಾ 403 (ಅನುಮತಿಯಿಲ್ಲ) ಬರಬೇಕು. 200 (ಸಿಕ್ಕಿತು) ಬಂದರೆ ಗಾಬರಿಯಾಗುವ ಮೊದಲು ಉತ್ತರದ ಒಳಗೆ ಏನಿದೆ ಓದಿ. ಸಿಂಗಲ್ ಪೇಜ್ ಆ್ಯಪ್‌ಗಳು ಗೊತ್ತಿಲ್ಲದ ದಾರಿಗೆಲ್ಲ ಮುಖಪುಟವನ್ನೇ 200 ಜೊತೆ ಕೊಡುತ್ತವೆ. ನಿಜವಾಗಿ ಸೆಟ್ಟಿಂಗ್ ಕಂಡರೆ ಮುಂದಿನ ಹಂತಕ್ಕೆ ತಕ್ಷಣ ಹೋಗಿ, ಅದರಲ್ಲಿರುವ ಪ್ರತಿಯೊಂದು ಕೀಯೂ ಸೋರಿದೆ ಎಂದೇ ಲೆಕ್ಕ. /.ಗಿಟ್/ಕಾನ್ಫಿಗ್ ದಾರಿಯನ್ನೂ ಕೇಳಿ ನೋಡಿ. ಎಂಜಿನ್‌ಎಕ್ಸ್ ವೆಬ್ ಸರ್ವರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ ದಾರಿಗಳನ್ನು ಮುಚ್ಚುವಾಗ .ವೆಲ್-ನೋನ್ ಬಿಡಬೇಕು, ಇಲ್ಲದಿದ್ದರೆ ಸರ್ಟಿಫಿಕೇಟ್ ನವೀಕರಣ ನಿಲ್ಲಬಹುದು.

ಸ್ಟೇಜಿಂಗ್‌ನಲ್ಲಿ ಕಡ್ಡಾಯ ಸೆಟ್ಟಿಂಗ್ ಒಂದನ್ನು ಬೇಕೆಂದೇ ತೆಗೆದು ರೀಸ್ಟಾರ್ಟ್ ಮಾಡಿ. ಆ್ಯಪ್ ಹೆಸರು ಹೇಳಿ ನಿಲ್ಲಬೇಕು. ಕೊನೆಗೆ ಸರ್ವರನ್ನೇ ರೀಬೂಟ್ ಮಾಡಿ. ಯಾರೋ ಟರ್ಮಿನಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದ್ದರಿಂದ ಮಾತ್ರ ಓಡುತ್ತಿದ್ದ ಆ್ಯಪ್ ಆಗ ಬಯಲಾಗುತ್ತದೆ.

11. ಕೀ ಬದಲಿಸುವುದನ್ನು ಕಲಿತಿರಿ

ಕ್ರಮ ಹೀಗೆ: ಹೊಸ ಕೀ ಹುಟ್ಟಿಸಿ, ಹಳೆಯದೂ ಜೀವಂತ ಇರಲಿ, ಹೊಸದರೊಂದಿಗೆ ಡಿಪ್ಲಾಯ್ ಮಾಡಿ, ಎಲ್ಲ ಪ್ರೊಸೆಸ್‌ಗಳೂ ಹೊಸದನ್ನೇ ಬಳಸುತ್ತಿವೆಯೆಂದು ಖಚಿತಪಡಿಸಿಕೊಳ್ಳಿ, ಆಮೇಲೆ ಹಳೆಯದನ್ನು ರದ್ದು ಮಾಡಿ. ಸೋರಿಹೋದ ಕೀ ಆದರೆ ನಡುವಿನ ಕಾಯುವಿಕೆ ಬೇಡ. ಸೈಟ್ ಕೆಲ ನಿಮಿಷ ಬಿದ್ದರೂ ಮೊದಲು ರದ್ದು ಮಾಡಿ.

ಡೇಟಾಬೇಸ್‌ಗೆ ಇಬ್ಬರು ಯೂಸರ್ ಇಟ್ಟು ಒಬ್ಬರಾದ ಮೇಲೆ ಒಬ್ಬರಂತೆ ಬಳಸಿದರೆ ಸೈಟ್ ನಿಲ್ಲದೆ ಪಾಸ್‌ವರ್ಡ್ ಬದಲಿಸಬಹುದು. ಪೈಥಾನ್‌ನ ಜಾಂಗೋ ಫ್ರೇಮ್‌ವರ್ಕ್‌ನಲ್ಲಿ ಸೀಕ್ರೆಟ್_ಕೀ ಬದಲಿಸಿದರೆ ಸೆಷನ್‌ಗಳು, ಪಾಸ್‌ವರ್ಡ್ ರೀಸೆಟ್ ಕೊಂಡಿಗಳು ಸತ್ತುಹೋಗುತ್ತವೆ, 4.1ರಿಂದ ಸೀಕ್ರೆಟ್_ಕೀ_ಫಾಲ್‌ಬ್ಯಾಕ್ಸ್‌ನಲ್ಲಿ ಹಳೆಯದನ್ನು ಕೆಲ ದಿನ ಇಡಬಹುದು. ಸಹಿ ಹಾಕುವ ಕೀ ಹೋದರೆ ಬಳಕೆದಾರರು ಮತ್ತೆ ಲಾಗಿನ್ ಆಗಬೇಕಾಗುತ್ತದೆ, ಅಷ್ಟೆ. ಡೇಟಾವನ್ನು ಎನ್‌ಕ್ರಿಪ್ಟ್ ಮಾಡುವ ಕೀ ಕಳೆದರೆ ಡೇಟಾವೇ ಹೋಯಿತು. ಲಾರಾವೆಲ್‌ನ ಆ್ಯಪ್_ಕೀ ಎರಡೂ ಕೆಲಸಕ್ಕೆ ಬರುವುದರಿಂದ ಅದನ್ನು ಮುಟ್ಟುವ ಮೊದಲು ಎನ್‌ಕ್ರಿಪ್ಟ್ ಮಾಡಿದ ಕಾಲಂಗಳು ಇವೆಯೇ ನೋಡಿ. 11ನೇ ಆವೃತ್ತಿಯಿಂದ ಹಳೆಯ ಕೀಗಳನ್ನು ಆ್ಯಪ್_ಪ್ರೀವಿಯಸ್_ಕೀಸ್‌ನಲ್ಲಿ ಕೊಡಬಹುದು.

ಇವು ಕಂಡರೆ ಕೆಲಸ ನಿಲ್ಲಿಸಿ ನೋಡಿ

- ಕೈಯಾರೆ ಓಡಿಸಿದರೆ ಆ್ಯಪ್ ಸರಿ, ಸರ್ವಿಸ್ ಆಗಿ ಓಡಿಸಿದರೆ ಸೆಟ್ಟಿಂಗ್ ಕಾಣೆ: ಐದನೇ ಹಂತ.
- ಎರಡು ಸರ್ವರ್‌ಗಳಲ್ಲಿ ಒಂದರಲ್ಲಿ ಲಾಗಿನ್ ಆದವರು ಇನ್ನೊಂದಕ್ಕೆ ಹೋದೊಡನೆ ಲಾಗೌಟ್ ಆಗುತ್ತಾರೆ: ಸಹಿಯ ಕೀ ಎರಡೂ ಕಡೆ ಒಂದೇ ಇಲ್ಲ, ಅಥವಾ ಆ್ಯಪ್ ಪ್ರತಿ ಸಲ ಶುರುವಾಗುವಾಗ ಹೊಸ ಕೀ ಹುಟ್ಟಿಸಿಕೊಳ್ಳುತ್ತಿದೆ.
- ಎರರ್ ವರದಿ ಮಾಡುವ ಸೇವೆಯ ಪುಟದಲ್ಲಿ ಪೂರ್ತಿ ಎನ್ವಿರಾನ್‌ಮೆಂಟ್ ಕಾಣುತ್ತಿದೆ. ಮರೆಮಾಚುವ ನಿಯಮ ಹಾಕಿ, ಕಂಡದ್ದನ್ನೆಲ್ಲ ಬದಲಿಸಿ.
- ಸರ್ವರ್‌ನಲ್ಲಿ .ಎನ್ವ್.ಬ್ಯಾಕಪ್, .ಎನ್ವ್.ಓಲ್ಡ್ ಎಂಬ ಫೈಲುಗಳು. ಇವಕ್ಕೆ ಯಾರೂ ಅನುಮತಿ ಬಿಗಿ ಮಾಡಿರುವುದಿಲ್ಲ, ಗಿಟ್‌ಇಗ್ನೋರ್‌ನ ಸಾಲೂ ಇವನ್ನು ಹಿಡಿಯದೆ ಇರಬಹುದು.
- ಸ್ಟೇಜಿಂಗ್‌ನಿಂದ ನಿಜವಾದ ಬಳಕೆದಾರರಿಗೆ ಮೇಲ್ ಹೋಗಿದೆ. ಪ್ರೊಡಕ್ಷನ್‌ನ ಫೈಲನ್ನು ಯಾರೋ ಪೂರ್ತಿ ನಕಲು ಮಾಡಿದ್ದಾರೆ. ಮೇಲ್ ಸೆಟ್ಟಿಂಗ್ ತಿದ್ದಿ ಸುಮ್ಮನಾಗದೆ ಡೇಟಾಬೇಸ್ ಮತ್ತು ಪೇಮೆಂಟ್ ಕೀಗಳು ಯಾವುದರವು ಎಂದು ಅಲ್ಲೇ ನೋಡಿ.